ಕವಿಶೈಲದ ಕಲ್ಲುಗಳು ಮತ್ತು ನಮ್ಮ ಉಪ್ಪ

ಉಪ್ಪ ತೀರಿಹೋಗಿ ನಲವತ್ತು ದಿನ ಕಳೆದಿರಲಿಲ್ಲ. ಜುಬೈಲಿನಲ್ಲಿರುವ ಅಣ್ಣನಿಂದ ಮೊಬೈಲಿಗೆ ಒಂದು ಚಿತ್ರ ಬಂತು. ಹಾಲುಬಿಳುಪಿನ ಅಮೃತಶಿಲೆ, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ, ಮೇಲ್ಭಾಗದಲ್ಲಿ ಕಮಾನು, ಎರಡು ಬದಿಗೆ ಹೂಬಳ್ಳಿ. ನಡುವೆ ಉಪ್ಪನ ಹೆಸರು, ಹುಟ್ಟಿದ ವರ್ಷ, ತೀರಿಹೋದ ದಿನ. ಹುಟ್ಟಿದ ವರ್ಷ ಅಂದಾಜಿನದ್ದು. ಉಪ್ಪನಿಗೇ ಅದು ಗೊತ್ತಿರಲಿಲ್ಲ. 'ಮಂಗಳೂರಿನಲ್ಲಿ ಮಾಡಿಸಬಹುದು, ಹಣದ ಚಿಂತೆ ಬೇಡ, ಮಳೆಗಾಲ ಹಿಡಿಯುವ ಮೊದಲು ನಿಲ್ಲಿಸಿ' ಎಂದು ಅಣ್ಣ ಬರೆದಿದ್ದ.

ನಾವು ಉತ್ತರ ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಮೂರನೆಯ ದಿನ ಫೋನು ಬಂತು, ಮಾತಿಗೆ ಮಾತು ಬೆಳೆಯಿತು. ಉಪ್ಪ ಬದುಕಿದ್ದಾಗ ನಾವು ಮೂವರು ಮಕ್ಕಳು ಯಾವ ವಿಷಯಕ್ಕೂ ಅಷ್ಟು ಗಟ್ಟಿ ದನಿಯಲ್ಲಿ ಜಗಳವಾಡಿದ್ದಿಲ್ಲ. ಒಂದು ಕಲ್ಲಿನ ವಿಷಯಕ್ಕೆ ಆಡಿದೆವು.

ಈ ಬರಹದಲ್ಲಿ ನಾವು ಎಂದರೆ ಊರಿನಲ್ಲೇ ಉಳಿದ ಇಬ್ಬರು. ತೀರ್ಥಹಳ್ಳಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡ ತಮ್ಮ, ಶಿವಮೊಗ್ಗಕ್ಕೆ ಮದುವೆಯಾಗಿ ಹೋದ ತಂಗಿ. ಅಣ್ಣ ಈ 'ನಾವು' ಒಳಗೆ ಕೆಲವೊಮ್ಮೆ ಇದ್ದಾನೆ, ಕೆಲವೊಮ್ಮೆ ಇಲ್ಲ. ಬರೆಯುವಾಗ ನಮಗೇ ಅದು ಸ್ಪಷ್ಟವಿಲ್ಲ. ಈ ಜಗಳದ ನಡುವೆ ನಮಗೆ ಮತ್ತೆ ಮತ್ತೆ ನೆನಪಾದದ್ದು ಕುಪ್ಪಳ್ಳಿಯ ಗುಡ್ಡದ ಮೇಲೆ ಒಬ್ಬ ಚಿತ್ರಕಲಾವಿದ ನಿಲ್ಲಿಸಿದ ಕಲ್ಲುಗಳು. ಕಬರಿನ ಕಲ್ಲಿಗೂ ಕಲಾವಿದನ ಕಲ್ಲಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ನಾವೂ ಮೊದಲು ಹಾಗೆಯೇ ಅಂದುಕೊಂಡಿದ್ದೆವು.

★

ಉಪ್ಪ ಕಲ್ಲು ಒಡೆಯುವ ಕೆಲಸ ಮಾಡಿದವರು. ಕರಾವಳಿಯಿಂದ ಆಗುಂಬೆ ಘಾಟಿ ಹತ್ತಿ ಬಂದ ಬ್ಯಾರಿಗಳಲ್ಲಿ ಹೆಚ್ಚಿನವರು ಒಣಮೀನು, ಬಟ್ಟೆ, ಅಡಿಕೆ ಎಂದು ವ್ಯಾಪಾರ ಹಿಡಿದರು. ಉಪ್ಪನಿಗೆ ವ್ಯಾಪಾರದ ನಾಲಗೆ ಇರಲಿಲ್ಲ. ಹದಿನೈದು ಹದಿನಾರರ ಪ್ರಾಯದಲ್ಲಿ ಕಲ್ಲುಕೋರೆ ಸೇರಿದರು; ಮೊಣಕಾಲು ಸೋಲುವ ತನಕ ಅಲ್ಲೇ ಇದ್ದರು. ಬೇಲಿಕಂಬ, ಮೆಟ್ಟಿಲುಕಲ್ಲು, ಬಾವಿಕಟ್ಟೆಗೆ ಬೇಕಾದ ಚಪ್ಪಡಿ ಇವೆಲ್ಲ ಅವರ ಕೈಯಿಂದ ಹೊರಟವು. ಈ ಸೀಮೆಯ ಎಷ್ಟೋ ಮನೆಗಳ ಅಂಗಳದಲ್ಲಿ ಅವರು ಸೀಳಿದ ಕಲ್ಲು ಇದೆ. ಯಾವ ಕಲ್ಲಿನ ಮೇಲೂ ಅವರ ಹೆಸರಿಲ್ಲ.

ಗಟ್ಟಿ ಕಪ್ಪುಬಂಡೆಯನ್ನು ಸೀಳುವುದು ಬಲದ ಕೆಲಸ ಎಂದು ನೋಡುವವರು ತಿಳಿಯುತ್ತಾರೆ. ಉಪ್ಪ ಅದನ್ನು ಕಿವಿಯ ಕೆಲಸ ಎನ್ನುತ್ತಿದ್ದರು. ಮೊದಲು ಬಂಡೆಯ ಸುತ್ತ ನಡೆದು ಅದರ ನರ ಯಾವ ಕಡೆ ಓಡುತ್ತದೆ ಎಂದು ನೋಡಬೇಕು. ಆ ಗೆರೆಯ ಮೇಲೆ ಉಳಿ ಸುತ್ತಿಗೆಯಿಂದ ಸಾಲಾಗಿ ಗುಳಿ ತೋಡಬೇಕು. ಗುಳಿಗೊಂದರಂತೆ ಕಬ್ಬಿಣದ ಬೆಣೆ ಇಟ್ಟು ಈ ತುದಿಯಿಂದ ಆ ತುದಿಗೆ ಒಂದೊಂದೇ ಪೆಟ್ಟು ಹಾಕುತ್ತಾ ಹೋಗಬೇಕು. ಅವಸರ ಮಾಡಿ ಒಂದೇ ಬೆಣೆಗೆ ಜೋರಾಗಿ ಹೊಡೆದರೆ ಕಲ್ಲು ಸಿಟ್ಟಾಗಿ ಎಲ್ಲೆಲ್ಲೋ ಬಿರಿಯುತ್ತದೆ. ಪೆಟ್ಟಿನ ಸದ್ದು ಗಂಟೆಯಂತೆ ಇದ್ದದ್ದು ಒಂದು ಹೊತ್ತಿಗೆ ಮಂಕಾಗುತ್ತದೆ. ಆಗ ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚಬೇಕು. ಇನ್ನುಳಿದದ್ದನ್ನು ಕಲ್ಲೇ ನೋಡಿಕೊಳ್ಳುತ್ತದೆ. ಸೀಳಿದ ಕಲ್ಲಿನ ಅಂಚಿನಲ್ಲಿ ಬೆಣೆಯ ಅರ್ಧ ಗುಳಿಗಳು ಹಲ್ಲಿನ ಸಾಲಿನಂತೆ ಉಳಿಯುತ್ತವೆ. ಒಬ್ಬೊಬ್ಬನ ಸಾಲು ಒಂದೊಂದು ರೀತಿ. ಗುಳಿಗಳ ಅಂತರ ನೋಡಿ ಇದು ಯಾರ ಕೈ ಎಂದು ಹೇಳಬಲ್ಲ ಹಳಬರು ಆಗ ಇದ್ದರಂತೆ.

ಇಷ್ಟು ಹೇಳಲು ಕಾರಣವಿದೆ. 2009ರ ಬೇಸಿಗೆಯಲ್ಲಿ ನಾವು ಮನೆಮಂದಿಯೆಲ್ಲ ಕುಪ್ಪಳ್ಳಿಗೆ ಹೋದೆವು. ಅಣ್ಣ ರಜೆಯಲ್ಲಿ ಬಂದಿದ್ದ, ಜೀಪು ಗೊತ್ತುಮಾಡಿದ್ದ. ಇಷ್ಟು ಹತ್ತಿರದಲ್ಲಿದ್ದೂ ಉಪ್ಪ ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ. 'ಕವಿಗಳ ಮನೆಯಲ್ಲಿ ನನಗೇನು ಕೆಲಸ, ನನಗೆ ಓದಲು ಬರುತ್ತದೆಯೇ?' ಎಂದು ಕೇಳಿದ್ದರು.

ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೊರಟರೆ ಗಡಿಕಲ್ಲು ಸಿಗುತ್ತದೆ. ಅಲ್ಲಿಂದ ಕುಪ್ಪಳ್ಳಿಯ ದಾರಿ. ಕಲ್ಲಿನ ಹೆಸರಿನ ಊರು ದಾಟಿ ಕಲ್ಲು ನೋಡಲು ಹೋಗುತ್ತಿದ್ದೇವೆ ಎಂದು ತಂಗಿ ಜೀಪಿನಲ್ಲಿ ನಗೆಯಾಡಿದ್ದಳು. ಕವಿಮನೆಯನ್ನು ಈಗ ಎಲ್ಲರೂ ಬಲ್ಲರು. ಕುವೆಂಪು 1904ರ ಡಿಸೆಂಬರ್ 29ರಂದು ತಾಯಿಯ ತವರು ಹಿರೇಕೊಡಿಗೆಯಲ್ಲಿ ಹುಟ್ಟಿ, ಬೆಳೆದದ್ದು ಈ ಮೂರಂತಸ್ತಿನ ಮನೆಯಲ್ಲಿ. ಉಮ್ಮ ಅಡುಗೆಮನೆಯ ಪಾತ್ರೆಪಗಡಗಳ ಮುಂದೆ ತುಂಬ ಹೊತ್ತು ನಿಂತರು. ಉಪ್ಪ ಮನೆಯೊಳಗೆ ಬೇಗ ಬೇಗ ನಡೆದು ಹೊರಗೆ ಬಂದು ಕೂತರು. ಗೌರವವಿತ್ತು, ಆದರೆ ಏನನ್ನು ನೋಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಗುಡ್ಡ ಹತ್ತಿ ಕವಿಶೈಲ ಸೇರಿದಾಗ ಮಾತ್ರ ಅವರು ಬೇರೆಯೇ ಮನುಷ್ಯರಾದರು. ಅಲ್ಲಿ ಬಯಲಿನ ಬಂಡೆಯ ಮೇಲೆ ವೃತ್ತಾಕಾರದಲ್ಲಿ ದೊಡ್ಡ ದೊಡ್ಡ ಕಲ್ಲುಗಳು ನಿಂತಿವೆ. ನಿಂತ ಕಲ್ಲುಗಳ ತಲೆಯ ಮೇಲೆ ಅಡ್ಡ ಕಲ್ಲು. ನಡುವೆ ಕವಿಯ ಸಮಾಧಿ. 1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡ ಕುವೆಂಪು ಅವರನ್ನು ಇಲ್ಲಿಗೇ ತಂದು ಅಂತ್ಯಕ್ರಿಯೆ ಮಾಡಿದರು. ಸುತ್ತ ಕಾಡು, ಆಚೆಗೆ ಸಾಲು ಸಾಲು ಬೆಟ್ಟ, ಮೇಲೆ ಬರೀ ಆಕಾಶ. ಈ ಶಿಲಾಸ್ಮಾರಕದ ವಿನ್ಯಾಸ ಮಾಡಿದವರು ಹಾಸನದ ಚಿತ್ರಕಲಾವಿದ ಕೆ.ಟಿ. ಶಿವಪ್ರಸಾದ್.

ಉಪ್ಪ ಒಂದು ಕಲ್ಲಿನ ಹತ್ತಿರ ಹೋದರು. ಬೆಣೆಯ ಗುರುತು ಹುಡುಕುವವರಂತೆ ಅಂಚಿನ ಮೇಲೆ ಕೈಯಾಡಿಸಿದರು. ಆ ಕಲ್ಲಿನಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ಹೋಗಿ ಇಡೀ ಸುತ್ತು ಮುಗಿಸಿದರು. ಆಗಲೇ ಒಂದು ಬಸ್ಸಿನ ತುಂಬ ಪ್ರವಾಸಿಗಳು ಮೇಲೆ ಬಂದರು. ಅವರಲ್ಲೊಬ್ಬರು, ಮೇಷ್ಟ್ರಿರಬೇಕು, 'ಇಷ್ಟು ದೊಡ್ಡ ಕವಿಗೆ ಒಂದು ಪ್ರತಿಮೆ ಬೇಡವೇ? ಬರೀ ಕಲ್ಲು ನಿಲ್ಲಿಸಿದ್ದಾರಲ್ಲ' ಎಂದು ಬೇಸರ ಮಾಡಿಕೊಂಡರು. ಉಪ್ಪ ಯಾವತ್ತೂ ಅಪರಿಚಿತರ ಮಾತಿಗೆ ಉತ್ತರ ಕೊಡುವವರಲ್ಲ. ಅವತ್ತು ಕೊಟ್ಟರು. 'ಸ್ವಾಮಿ, ಕಲ್ಲನ್ನು ಕಲ್ಲಾಗಿಯೇ ಬಿಡುವುದು ಸುಲಭ ಅಲ್ಲ. ಕೈ ಸುಮ್ಮನಿರುವುದಿಲ್ಲ' ಎಂದರು.

ಮೇಷ್ಟ್ರು ನಕ್ಕು ಮುಂದೆ ಹೋದರು. ನಾವೂ ಆಗ ಆ ಮಾತಿಗೆ ಹೆಚ್ಚು ಬೆಲೆ ಕೊಡಲಿಲ್ಲ.

★

ಶಿವಪ್ರಸಾದ್ ಅವರನ್ನು ಅಮೂರ್ತ ಕಲಾವಿದ ಎಂಬ ಒಂದೇ ಡಬ್ಬಿಗೆ ಹಾಕಿದರೆ ತಪ್ಪಾದೀತು. ಆದರೆ ಕುಪ್ಪಳ್ಳಿಯ ಗುಡ್ಡದ ಮೇಲೆ ಅವರು ಮಾಡಿದ್ದು ಅಮೂರ್ತವೇ. ಅಲ್ಲಿ ನಿಂತ ಕಲ್ಲು ಕವಿಯ ಮುಖವನ್ನು ತೋರಿಸುವುದಿಲ್ಲ, ಅವರ ಯಾವ ಪಾತ್ರವನ್ನೂ ತೋರಿಸುವುದಿಲ್ಲ. ರಾಮನಿಲ್ಲ, ಸೀತೆಯಿಲ್ಲ, ಪುಸ್ತಕ ಹಿಡಿದ ಕೈಯಿಲ್ಲ. ಕಲ್ಲಿನ ಎತ್ತರ, ಕಲ್ಲಿನ ಭಾರ, ಎರಡು ಕಲ್ಲುಗಳ ನಡುವಿನ ಖಾಲಿ ಜಾಗ, ಆ ಜಾಗದಲ್ಲಿ ಕಾಣುವ ಬೆಟ್ಟ, ಇಷ್ಟೇ ಅಲ್ಲಿ ಇರುವುದು.

ಹಾಸನ ಜಿಲ್ಲೆಯ ಒಬ್ಬ ಕಲಾವಿದ ಇದನ್ನು ಮಾಡಿದ್ದು ನಮಗೆ ವಿಶೇಷವಾಗಿ ಕಾಣುತ್ತದೆ. ಬೇಲೂರು, ಹಳೇಬೀಡು ಆ ಜಿಲ್ಲೆಯವು. ಅಲ್ಲಿನ ಶಿಲ್ಪಿಗಳು ಮೆದುವಾದ ಬಳಪದ ಕಲ್ಲಿನಲ್ಲಿ ಬಳೆಯ ಎಳೆ, ಉಗುರಿನ ಕಣ್ಣು, ಕಿವಿಯೋಲೆಯ ಮಣಿ ಏನನ್ನೂ ಬಿಡದೆ ಕೊರೆದರು. ಕಲ್ಲು ಎಷ್ಟೆಲ್ಲ ಮಾತಾಡಬಲ್ಲುದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಅಂಥ ಕೆತ್ತನೆಯ ನೆರೆಯಿಂದ ಬಂದ ಕಲಾವಿದ ಕವಿಯ ಸಮಾಧಿಗೆ ಉಳಿ ಮುಟ್ಟದಂತಿರುವ ಒರಟು ಕಲ್ಲನ್ನು ಆರಿಸಿಕೊಂಡರು. ಅವರು ಒಂದು ಎದೆಮಟ್ಟದ ಕಂಚಿನ ಪ್ರತಿಮೆಯನ್ನು ಸೂಚಿಸಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ನಮ್ಮ ಊರುಗಳ ವೃತ್ತಗಳಲ್ಲಿ ಅಂಥ ಪ್ರತಿಮೆಗಳು ಬೇಕಾದಷ್ಟಿವೆ. ವರ್ಷಕ್ಕೊಮ್ಮೆ ಹಾರ, ಉಳಿದ ದಿನ ಧೂಳು.

ಆ ಕಲ್ಲುಗಳನ್ನು ನೋಡಿದವರು ಇಂಗ್ಲೆಂಡಿನ ಸ್ಟೋನ್‌ಹೆಂಜ್ ನೆನಪಿಸಿಕೊಳ್ಳುತ್ತಾರೆ. ಹೋಲಿಕೆ ಇರುವುದು ನಿಜ. ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ಹೊಸನಗರ ತಾಲೂಕಿನಲ್ಲಿ ಬೈಸೆ ಎಂಬ ಊರಿದೆ, ನಿಲಸ್ಕಲ್ ಎಂಬ ಊರಿದೆ. ನಿಲಿಸಿದ ಕಲ್ಲು ಎಂಬುದು ಆ ಹೆಸರಿನಲ್ಲೇ ಕೇಳಿಸುತ್ತದೆ. ಅಲ್ಲಿ ಬೃಹತ್ ಶಿಲಾಯುಗದ ಜನ ನಿಲ್ಲಿಸಿದ ಕಲ್ಲುಗಳು ಇವತ್ತಿಗೂ ನಿಂತಿವೆ. ನಮ್ಮ ತಾಲೂಕಿನ ಆರಗ ಗೇಟಿನ ಬಳಿಯೂ ಅಂಥವು ಇವೆ. ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮುಂತಾದ ವಿದ್ವಾಂಸರು ಇವುಗಳನ್ನು ಅಳೆದು, ಕೆಲವು ಕಲ್ಲುಗಳ ಜೋಡಿ ವರ್ಷದ ಅತಿ ಉದ್ದದ ಹಗಲು ಮತ್ತು ಅತಿ ಗಿಡ್ಡ ಹಗಲಿನ ದಿನ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಸರಿಹೊಂದುತ್ತವೆ ಎಂದು ತೋರಿಸಿದ್ದಾರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲೆ ಚಪ್ಪಡಿಗಳಿಂದ ಮಾಡಿದ ನೂರಾರು ಕಲ್ಮನೆಗಳಿವೆ. ಜನ ಅವನ್ನು ಮೋರ್ಯರ ಮನೆ ಎನ್ನುತ್ತಾರೆ. ಆ ಜನರ ಹೆಸರು ನಮಗೆ ತಿಳಿಯದು, ಭಾಷೆ ತಿಳಿಯದು. ಸತ್ತವರನ್ನು ನೆನೆಯಲು ಅವರು ಕಲ್ಲು ಎತ್ತಿದರು ಎಂಬುದು ಮಾತ್ರ ತಿಳಿಯುತ್ತದೆ. ಧರ್ಮಗಳು, ಜಾತಿಗಳು, ಲಿಪಿಗಳು ಬರುವ ಮೊದಲು ಈ ನೆಲದಲ್ಲಿ ದುಃಖಕ್ಕೆ ಇದ್ದ ಆಕಾರ ಇದು. ವಿಶ್ವಮಾನವನ ಮಾತಾಡಿದ ಕವಿಗೆ ಕಲಾವಿದ ಇದನ್ನೇ ಆರಿಸಿದ್ದರಲ್ಲಿ ಅರ್ಥವಿದೆ.

★

ಅಮೂರ್ತ ಚಿತ್ರ ಎಂದೊಡನೆ ನಮ್ಮ ಕಡೆ ಜನ ಹೇಳುವ ಮಾತು ಒಂದೇ. 'ಇದನ್ನು ನಮ್ಮ ಮಗುವೂ ಬಿಡಿಸೀತು.' ನಾವೂ ಹೇಳಿದ್ದೇವೆ. ತಂಗಿಯ ಮಗಳು ಚಿತ್ರಕಲೆ ಓದುತ್ತೇನೆ ಎಂದು ಹಟ ಹಿಡಿದಾಗ ಮನೆಯಲ್ಲಿ ಸಣ್ಣ ಗಲಾಟೆಯೇ ಆಗಿತ್ತು. ಹೆಣ್ಣುಮಗಳು, ಮುಸ್ಲಿಂ ಹುಡುಗಿ, ಮನುಷ್ಯರ ಚಿತ್ರ ಬಿಡಿಸುತ್ತಾಳಂತೆ ಎಂದು ಹತ್ತಿರದ ಬಂಧುಗಳು ಹುಬ್ಬೇರಿಸಿದರು. ಆಮೇಲೆ ಅವಳು ಮನುಷ್ಯರನ್ನು ಬಿಟ್ಟು ಬರೀ ಬಣ್ಣ ಹಚ್ಚತೊಡಗಿದಳು. ಆಗ ಅದೇ ಬಂಧುಗಳು 'ಇದೇನಿದು, ಏನೂ ಇಲ್ಲವಲ್ಲ' ಎಂದರು. ಇದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ.

ಅವಳ ಒಂದು ಚಿತ್ರವನ್ನು ಉಪ್ಪ ನೋಡಿದ್ದು ನಮಗೆ ನೆನಪಿದೆ. ಬೂದು, ಕಂದು, ನಡುವೆ ಒದ್ದೆಯಾದಂಥ ಕಪ್ಪು. ಉಪ್ಪ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. 'ಇದು ಈಗಷ್ಟೇ ಸೀಳಿದ ಕಲ್ಲಿನ ಒಳಗು' ಎಂದರು. 'ಹೊರಗಿನ ಬಣ್ಣವೇ ಬೇರೆ. ಸೀಳಿದ ಕೂಡಲೇ ಒಳಗೆ ಹೀಗಿರುತ್ತದೆ, ತಂಪಾಗಿ. ಗಾಳಿ ಬಿಸಿಲು ತಾಗಿದ ಮೇಲೆ ಈ ಬಣ್ಣ ಇರುವುದಿಲ್ಲ. ಅಲ್ಲಾಹನ ಸೃಷ್ಟಿಯಾದ ಮೇಲೆ ಅದನ್ನು ಮೊದಲು ನೋಡುವುದು ಕಲ್ಲು ಒಡೆದವನು.' ಹುಡುಗಿ ಬೆರಗಾದಳು. ಅವಳು ಕಲ್ಲನ್ನು ಬರೆದಿರಲಿಲ್ಲ. ಆದರೆ ಅಜ್ಜ ಹೇಳಿದ್ದು ತಪ್ಪು ಎಂದೂ ಅವಳಿಗೆ ಅನಿಸಲಿಲ್ಲ. ಓದು ಬಾರದ ಉಪ್ಪ ಅಮೂರ್ತ ಚಿತ್ರದ ಮುಂದೆ ನಮಗಿಂತ ಕಡಿಮೆ ಗಾಬರಿಯಾದರು. 'ಇದು ಏನು' ಎಂದು ಅವರು ಕೇಳಲಿಲ್ಲ. ತಾನು ಎಲ್ಲಿ ಇದನ್ನು ಕಂಡಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡರು.

ಆ ಹುಡುಗಿಯಿಂದಲೇ ನಾವು ಕೆಲವು ಹೆಸರು ಕಲಿತೆವು. ನಸ್ರೀನ್ ಮೊಹಮ್ಮದಿ 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, ಬರೋಡಾದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 1990ರಲ್ಲಿ ತೀರಿಕೊಂಡವರು. ಬಿಳಿ ಕಾಗದದ ಮೇಲೆ ಶಾಯಿಯ ಸಣ್ಣ ಸಣ್ಣ ಗೆರೆ, ಅದೇ ಅವರ ಚಿತ್ರ. ಚಿತ್ರಗಳಿಗೆ ಹೆಸರಿಡುತ್ತಿರಲಿಲ್ಲ. ಕೈಕಾಲಿನ ಹಿಡಿತ ತಪ್ಪಿಸುವ ಕಾಯಿಲೆ ಬಂದ ಮೇಲೂ ಅವರ ಗೆರೆ ನಡುಗಲಿಲ್ಲ. ಬದುಕಿದ್ದಾಗ ಹೆಚ್ಚು ಜನರಿಗೆ ಗೊತ್ತಿರದಿದ್ದ ಅವರ ಚಿತ್ರಗಳನ್ನು 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರೂಯರ್ ಎಂಬ ಸಂಗ್ರಹಾಲಯ ತನ್ನ ಬಾಗಿಲು ತೆರೆದ ದಿನವೇ ಪ್ರದರ್ಶಿಸಿತು. ಗೋವಾ ಮೂಲದ ವಿ.ಎಸ್. ಗಾಯತೊಂಡೆ (1924–2001) ವರ್ಷಕ್ಕೆ ಕೆಲವೇ ಚಿತ್ರ ಮಾಡಿದವರು. ರೋಲರಿನಿಂದ ಬಣ್ಣ ಹಚ್ಚಿ, ತೆಗೆದು, ಮತ್ತೆ ಹಚ್ಚಿ, ನೀರಿನ ಆಳದಂಥ ಬಣ್ಣ ಬರಿಸುತ್ತಿದ್ದರು. ಅಮೂರ್ತ ಎಂಬ ಮಾತು ಅವರಿಗೇ ಹಿಡಿಸುತ್ತಿರಲಿಲ್ಲ.

ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರವಾದವರು ಸಯ್ಯದ್ ಹೈದರ್ ರಝಾ. 1922ರಲ್ಲಿ ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಬಾಬರಿಯಾ ಎಂಬ ಕಾಡಂಚಿನ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಅರಣ್ಯ ಇಲಾಖೆಯಲ್ಲಿದ್ದರು. ಕಾಡಿನ ರಾತ್ರಿಯ ಭಯ, ಹಗಲಿನ ಬೆಳಕು ಎರಡೂ ಕೊನೆಯವರೆಗೆ ಅವರ ಬಣ್ಣಗಳಲ್ಲಿ ಇದ್ದವು. ಶಾಲೆಯಲ್ಲಿ ಮನಸ್ಸು ನಿಲ್ಲದ ಹುಡುಗನಿಗೆ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕೆ ಬರೆದು, ಅದನ್ನೇ ನೋಡುತ್ತಾ ಕೂರು ಎಂದರಂತೆ. 1950ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಲ್ಲಿ ಹೆಸರು ಮಾಡಿದ ಮೇಲೆ ಆ ಚುಕ್ಕೆ ಅವರ ಕ್ಯಾನ್ವಾಸಿಗೆ ಬಿಂದುವಾಗಿ ಮರಳಿತು. ಒಬ್ಬ ಮುಸ್ಲಿಂ ಕಲಾವಿದನಿಗೆ ಹಿಂದೂ ಮೇಷ್ಟ್ರು ಕೊಟ್ಟ ಚುಕ್ಕೆ ಅದು. 2010ರಲ್ಲಿ ಅವರು ಭಾರತಕ್ಕೆ ಮರಳಿದರು. 2016ರ ಜುಲೈಯಲ್ಲಿ ದೆಹಲಿಯಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಮಂಡ್ಲಾಕ್ಕೆ ಒಯ್ದು ತಂದೆಯ ಕಬರಿನ ಪಕ್ಕ ದಫನ ಮಾಡಿದರು. ಜಗತ್ತು ಸುತ್ತಿದ ಮನುಷ್ಯ ಕೊನೆಗೆ ಕೇಳಿದ್ದು ತಂದೆಯ ಪಕ್ಕದಲ್ಲಿ ಆರಡಿ ಮಣ್ಣು. ಉಪ್ಪ ತೀರಿಹೋದ ಮೇಲೆ ಈ ಸಂಗತಿ ನಮ್ಮನ್ನು ಬಹಳ ಕಾಡಿತು.

ಮೂರ್ತಿಯಿಲ್ಲದ್ದನ್ನು ನೋಡುವ ಅಭ್ಯಾಸ ಮುಸಲ್ಮಾನರಿಗೆ ಇರಬೇಕಿತ್ತು. ಮಸೀದಿಯಲ್ಲಿ ನಮ್ಮ ಮುಂದೆ ಇರುವುದು ಖಾಲಿ ಗೋಡೆ ಮತ್ತು ಒಂದು ದಿಕ್ಕು. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಅಕ್ಷರಗಳನ್ನೇ ಕಲ್ಲಿನಲ್ಲಿ ಕೊರೆದು ಕಿಟಕಿಯ ಜಾಲರಿ ಮಾಡಿದ್ದಾರೆ. ಬೆಳಕು ಅಕ್ಷರದ ಮೂಲಕ ಒಳಗೆ ಬರುತ್ತದೆ. ಆದರೆ ನಮ್ಮಲ್ಲಿ ಚಿತ್ರವಿಲ್ಲ, ಆದ್ದರಿಂದ ನಾವು ದೊಡ್ಡವರು ಎಂದು ಬೀಗುವುದು ಸಲ್ಲದು. ಚಿತ್ರ ಬಿಟ್ಟ ಮಾತ್ರಕ್ಕೆ ಆಡಂಬರ ಬಿಟ್ಟಂತಾಗುವುದಿಲ್ಲ. ನಮ್ಮ ಊರುಗಳ ಕಬರಸ್ತಾನಗಳಿಗೆ ಒಮ್ಮೆ ಹೋಗಿ ನೋಡಿದರೆ ಸಾಕು, ಯಾರ ಮಗ ಗಲ್ಫಿನಲ್ಲಿದ್ದಾನೆ ಎಂಬುದು ಕಲ್ಲು ನೋಡಿಯೇ ತಿಳಿಯುತ್ತದೆ.

★

ಇದನ್ನೇ ನಾವು ಅಣ್ಣನಿಗೆ ಹೇಳಿದೆವು. ಅಷ್ಟು ಒರಟಾಗಿ ಹೇಳಬಾರದಿತ್ತು. ಕಬರನ್ನು ಗಾರೆ ಹಾಕಿ ಕಟ್ಟುವುದನ್ನು ಪ್ರವಾದಿಯವರು ತಡೆದಿದ್ದಾರೆ ಎಂದೆವು. ಔರಂಗಜೇಬನಂಥ ಬಾದಶಹನ ಕಬರೂ ಖುಲ್ದಾಬಾದಿನಲ್ಲಿ ಮೇಲೆ ಗುಮ್ಮಟವಿಲ್ಲದೆ ಬಯಲಲ್ಲಿದೆ ಎಂದೆವು. ಕುಪ್ಪಳ್ಳಿಯ ಕಲ್ಲುಗಳನ್ನು ನೆನಪಿಸಿದೆವು, ಅವತ್ತು ಉಪ್ಪ ಆಡಿದ ಮಾತನ್ನೂ ನೆನಪಿಸಿದೆವು.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. 'ಕುವೆಂಪು ಹೆಸರು ಶಾಲೆಯ ಪ್ರತಿ ಪುಸ್ತಕದಲ್ಲಿದೆ. ಅವರಿಗೆ ಜ್ಞಾನಪೀಠ ಬಂದಿದೆ, ರಾಷ್ಟ್ರಕವಿ ಎಂದಿದ್ದಾರೆ, ವಿಶ್ವವಿದ್ಯಾಲಯಕ್ಕೇ ಅವರ ಹೆಸರಿಟ್ಟಿದ್ದಾರೆ. ಅಂಥವರ ಸಮಾಧಿಯ ಮೇಲೆ ಕಲ್ಲು ಸುಮ್ಮನಿದ್ದರೂ ನಡೆಯುತ್ತದೆ. ನಮ್ಮ ಉಪ್ಪನ ಹೆಸರು ಎಲ್ಲಿದೆ? ಮತದಾರರ ಪಟ್ಟಿಯಲ್ಲಿ ತಪ್ಪಾಗಿದೆ. ಕೋರೆಯ ಲೆಕ್ಕದ ಪುಸ್ತಕದಲ್ಲಿ ಬ್ಯಾರಿ ಎಂದು ಮಾತ್ರ ಬರೆಯುತ್ತಿದ್ದರು, ಹೆಸರೂ ಬರೆಯುತ್ತಿರಲಿಲ್ಲ. ಒಮ್ಮೆಯಾದರೂ ಅವರ ಹೆಸರನ್ನು ಸರಿಯಾಗಿ, ಚಂದದ ಅಕ್ಷರದಲ್ಲಿ ಬರೆಯಿಸಬೇಕು ಎಂದು ನಾನು ಅಂದುಕೊಂಡರೆ ಅದು ಆಡಂಬರವೇ? ಕವಿಶೈಲದಲ್ಲೂ ಬಂಡೆಯ ಮೇಲೆ ಹೆಸರು ಕೆತ್ತಿದ್ದಾರಲ್ಲ?'

ನಮಗೆ ಮಾತು ಹೊರಡಲಿಲ್ಲ. ಕವಿಶೈಲದಲ್ಲಿ ಕುವೆಂಪು ಗೆಳೆಯರೊಡನೆ, ಗುರುಗಳೊಡನೆ ಕುಳಿತು ಮಾತಾಡುತ್ತಿದ್ದ ಬಂಡೆಯಿದೆ. ಅದರ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಅವರ ಹಸ್ತಾಕ್ಷರಗಳಿವೆ. ಅವತ್ತು ಅಣ್ಣ ಅದರ ಮೇಲೆ ಬೆರಳಾಡಿಸಿ ಉಪ್ಪನಿಗೆ ಓದಿ ಹೇಳಿದ್ದ. ನಾವು ಅದನ್ನು ಮರೆತಿದ್ದೆವು, ಅವನು ಮರೆತಿರಲಿಲ್ಲ. ಒಂದೇ ಗುಡ್ಡದಿಂದ ಅವನು ಒಂದನ್ನು ತಂದಿದ್ದ, ನಾವು ಇನ್ನೊಂದನ್ನು ತಂದಿದ್ದೆವು.

ಹೆಸರಿಲ್ಲದಿರುವುದರ ಚಂದವನ್ನು ಹೆಸರಿರುವವರು ಮಾತ್ರ ಹೊಗಳಬಲ್ಲರು ಎಂಬುದು ನಮಗೆ ಆವರೆಗೆ ಹೊಳೆದಿರಲಿಲ್ಲ. ಅಮೂರ್ತವನ್ನು ಮೆಚ್ಚುವವರೆಲ್ಲ ಒಮ್ಮೆ ಯೋಚಿಸಬೇಕಾದ ಮಾತು ಇದು. ನಸ್ರೀನ್ ತನ್ನ ಚಿತ್ರಕ್ಕೆ ಹೆಸರಿಡದಿರಬಹುದು. ಅದರ ಪಕ್ಕದ ಚೀಟಿಯಲ್ಲಿ ನಸ್ರೀನ್ ಎಂದು ಇದ್ದೇ ಇರುತ್ತದೆ. ಕುಪ್ಪಳ್ಳಿಯ ಕಲ್ಲುಗಳಿಗೆ ವಿನ್ಯಾಸಕಾರರ ಹೆಸರು ನಮಗೆ ತಿಳಿದಿದೆ. ಅವುಗಳನ್ನು ಸೀಳಿದವರ, ಗುಡ್ಡಕ್ಕೆ ಏರಿಸಿದವರ, ಹಗ್ಗ ಎಳೆದು ನಿಲ್ಲಿಸಿದವರ ಹೆಸರು ತಿಳಿಯದು. ಅವರೆಲ್ಲ ನಮ್ಮ ಉಪ್ಪನಂಥವರೇ.

ಆ ವಾರ ತಮ್ಮ ಮಸೀದಿಯಲ್ಲಿ ಉಸ್ತಾದರ ಬಳಿ ವಿಷಯ ಎತ್ತಿದ. ಅವರು ಇದು ಹರಾಮು, ಅದು ಹಲಾಲು ಎಂದು ಮಾತು ಮುಗಿಸಲಿಲ್ಲ. ಅಬೂದಾವೂದಿನಲ್ಲಿ ಬರುವ ಒಂದು ಪ್ರಸಂಗ ಹೇಳಿದರು. ಉಸ್ಮಾನ್ ಬಿನ್ ಮಝ್‌ಊನ್ ತೀರಿಹೋದಾಗ ಪ್ರವಾದಿಯವರು ಒಂದು ಕಲ್ಲು ತರಲು ಒಬ್ಬರಿಗೆ ಹೇಳಿದರು. ಆತನಿಗೆ ಎತ್ತಲಾಗಲಿಲ್ಲ. ಪ್ರವಾದಿಯವರೇ ತೋಳು ಮೇಲೇರಿಸಿ ಅದನ್ನು ಎತ್ತಿ ತಂದು ತಲೆಯ ಕಡೆ ಇಟ್ಟರು. ನನ್ನ ಸಹೋದರನ ಕಬರು ಇದೆಂದು ಗುರುತು ಸಿಗಲಿ, ನನ್ನ ಮನೆಯವರು ತೀರಿಹೋದರೆ ಇಲ್ಲೇ ಹತ್ತಿರ ದಫನ ಮಾಡುತ್ತೇನೆ ಎಂಬ ಅರ್ಥದ ಮಾತನ್ನಾಡಿದರು. 'ನೋಡಿ, ಗುರುತು ಬೇಡ ಎಂದು ಯಾರೂ ಹೇಳಿಲ್ಲ. ಕಲ್ಲನ್ನು ಯಾರು ಹೊತ್ತರು ಎಂಬುದೂ ಮುಖ್ಯ' ಎಂದರು ಉಸ್ತಾದರು.

★

ಉಪ್ಪ ಕೆಲಸ ಮಾಡಿದ ಕೋರೆ ಈಗ ಮುಚ್ಚಿಹೋಗಿದೆ. ಗುಂಡಿಯಲ್ಲಿ ನೀರು ನಿಂತು ಸುತ್ತ ಅಕೇಶಿಯಾ ಬೆಳೆದಿದೆ. ಮೂಲೆಯಲ್ಲಿ ಅವರು ಅರ್ಧಕ್ಕೆ ಬಿಟ್ಟ ಕಲ್ಲುಗಳಿವೆ ಎಂದು ಉಮ್ಮ ಹೇಳಿದರು. ಮೊಣಕಾಲು ಕೈಕೊಟ್ಟ ವರ್ಷ ಸೀಳಿಟ್ಟವು, ಕೊಳ್ಳುವವರು ಬರಲಿಲ್ಲ. ಜಾಗದ ಯಜಮಾನರನ್ನು ಕೇಳಿದಾಗ ಅವರು ಬೇಕಾದರೆ ಎಲ್ಲವನ್ನೂ ಒಯ್ಯಿರಿ ಎಂದರು.

ನಾವು ಎರಡನ್ನು ಆರಿಸಿದೆವು. ಮೊಣಕೈಯುದ್ದದ್ದು ಒಂದು, ಅದಕ್ಕಿಂತ ಚಿಕ್ಕದು ಇನ್ನೊಂದು. ಪಾಚಿ ಕಟ್ಟಿದ್ದವು. ತಂಗಿಯ ಮಗಳು ತೆಂಗಿನ ನಾರಿನಿಂದ ಉಜ್ಜಿದಾಗ ಅಂಚಿನಲ್ಲಿ ಬೆಣೆಯ ಗುಳಿಗಳ ಸಾಲು ಕಂಡಿತು. ಒಂದರಿಂದ ಒಂದಕ್ಕೆ ಸರಿಯಾಗಿ ನಾಲ್ಕು ಬೆರಳಿನ ಅಂತರ. ಉಮ್ಮ ತಮ್ಮ ಬೆರಳಿಟ್ಟು ನೋಡಿದರು. ಅವರ ನಾಲ್ಕು ಬೆರಳು ಆ ಅಂತರಕ್ಕಿಂತ ಚಿಕ್ಕದಾಯಿತು. ತಮ್ಮ ಇಟ್ಟು ನೋಡಿದ, ಸರಿಹೊಂದಿತು. ಅದು ಉಪ್ಪನ ಅಳತೆ.

ಅಣ್ಣನಿಗೆ ಚಿತ್ರ ಕಳಿಸಿದೆವು. ಬರೀ ಗುಳಿಗಳ ಸಾಲಿನ ಚಿತ್ರ. ಏನೂ ಬರೆಯಲಿಲ್ಲ. ಅವನೂ ಆ ದಿನ ಏನೂ ಬರೆಯಲಿಲ್ಲ. ಎರಡು ದಿನ ಬಿಟ್ಟು ಫೋನು ಮಾಡಿ, 'ನಾನು ಬರುವ ತನಕ ನಿಲ್ಲಿಸಬೇಡಿ' ಎಂದ.

ಮಳೆಗಾಲ ಮುಗಿದ ಮೇಲೆ ಅವನು ಬಂದ. ಪಿಕಪ್ ಗಾಡಿ ಕಬರಸ್ತಾನದ ಬೇಲಿಯ ತನಕ ಮಾತ್ರ ಹೋಗುತ್ತದೆ. ಅಲ್ಲಿಂದ ಒಳಕ್ಕೆ ಕಲ್ಲನ್ನು ಹೊರಬೇಕು. ತಮ್ಮ ಕೈಹಾಕಲು ಹೋದಾಗ ಅಣ್ಣ ಬೇಡ ಎಂದ. ಐವತ್ತು ದಾಟಿದ ಮನುಷ್ಯ, ಇಪ್ಪತ್ತು ವರ್ಷ ಏಸಿ ಕೋಣೆಯಲ್ಲಿ ಲೆಕ್ಕ ಬರೆದವನು, ದೊಡ್ಡ ಕಲ್ಲನ್ನು ಭುಜಕ್ಕೇರಿಸಿಕೊಂಡು ಎರಡು ಸಲ ನಿಂತು, ಉಸಿರು ತೆಗೆದುಕೊಂಡು, ಉಪ್ಪನ ತಲೆಯ ಕಡೆಗೆ ತಲುಪಿಸಿದ. ಚಿಕ್ಕದನ್ನು ತಮ್ಮ ಕಾಲಿನ ಕಡೆಗೆ ಇಟ್ಟ. ಹಾರೆಯಿಂದ ಮಣ್ಣು ಬಿಗಿದು ದುಆ ಮಾಡಿದೆವು. ಹೆಸರು ಬರೆಯಿಸಲಿಲ್ಲ.

ಮಹಲ್ಲಿನ ದಫನ ಪುಸ್ತಕದಲ್ಲಿ ಮಾತ್ರ ಅಣ್ಣ ತಾನೇ ಕೂತು ಉಪ್ಪನ ಹೆಸರನ್ನು, ಅವರ ತಂದೆಯ ಹೆಸರನ್ನು, ಹುಟ್ಟಿದ ಊರನ್ನು ದುಂಡಗಿನ ಅಕ್ಷರದಲ್ಲಿ ಬರೆದ. ಕೆಲಸ ಎಂಬ ಜಾಗದಲ್ಲಿ ಹಿಂದಿನವರೆಲ್ಲ ಕೂಲಿ, ವ್ಯಾಪಾರ ಎಂದು ಬರೆದಿದ್ದರು. ಇವನು 'ಕಲ್ಲು ಸೀಳುವವರು' ಎಂದು ಬರೆದ. ಅಮೃತಶಿಲೆಗೆಂದು ಎತ್ತಿಟ್ಟ ಹಣದಲ್ಲಿ ಸ್ವಲ್ಪವನ್ನು ತಂಗಿಯ ಮಗಳ ಓದಿಗೆ ಕೊಟ್ಟ. 'ನಿನ್ನ ಚಿತ್ರ ನನಗೆ ಅರ್ಥ ಆಗುವುದಿಲ್ಲ, ಉಪ್ಪನಿಗೆ ಆಗಿತ್ತಲ್ಲ, ಸಾಕು' ಎಂದ.

ಜಗಳ ಪೂರ್ತಿ ಮುಗಿಯಿತು ಎಂದು ಹೇಳಲಾರೆವು. ಹೊರಡುವ ಹಿಂದಿನ ಸಂಜೆ ಅಣ್ಣ ಮತ್ತೆ ಕೇಳಿದ. 'ನಾವು ಮೂವರು ಇರುವ ತನಕ ಇದು ಯಾರ ಕಲ್ಲು ಎಂದು ಗೊತ್ತು. ನಮ್ಮ ನಂತರ?' ನಮ್ಮ ಬಳಿ ಉತ್ತರವಿರಲಿಲ್ಲ. ನಿಲಸ್ಕಲ್ಲಿನ ಕಲ್ಲು ನಿಲ್ಲಿಸಿದವರ ಮಕ್ಕಳೂ ಇದೇ ಪ್ರಶ್ನೆ ಕೇಳಿಕೊಂಡಿರಬೇಕು. ಅವರ ತಂದೆಯ ಹೆಸರು ಉಳಿಯಲಿಲ್ಲ. ಕಲ್ಲು ನಿಂತಿದೆ, ಅಲ್ಲಿ ಯಾರೋ ಯಾರಿಗೋ ಅತ್ತರು ಎಂಬುದು ಇಷ್ಟು ಸಾವಿರ ವರ್ಷದ ಮೇಲೂ ನೋಡಿದವರಿಗೆ ತಿಳಿಯುತ್ತದೆ. ಅಣ್ಣನಿಗೆ ಇದು ಸಾಲುವ ಉತ್ತರವಲ್ಲ. ನಮಗೂ ಕೆಲವು ರಾತ್ರಿ ಸಾಲುವುದಿಲ್ಲ.

ಮೊನ್ನೆ ಮತ್ತೆ ಕುಪ್ಪಳ್ಳಿಗೆ ಹೋಗಿದ್ದೆವು, ಹುಡುಗಿಗೆ ಸ್ಕೆಚ್ ಮಾಡಬೇಕಿತ್ತು. ಅವಳು ಕಲ್ಲುಗಳನ್ನು ಬಿಡಿಸಲಿಲ್ಲ. ಎರಡು ಕಲ್ಲುಗಳ ನಡುವೆ ಕಾಣುವ ಆಕಾಶದ ಆಕಾರವನ್ನು ಮಾತ್ರ ಬಿಡಿಸುತ್ತಾ ಕೂತಳು. ಪಕ್ಕದಲ್ಲಿ ನಿಂತಿದ್ದ ಶಾಲೆಯ ಮಕ್ಕಳಲ್ಲಿ ಒಬ್ಬ ಇಣುಕಿ ನೋಡಿ 'ಅಕ್ಕ, ಇದೇನು?' ಎಂದು ಕೇಳಿದ. ಅವಳು ಪೆನ್ಸಿಲು ಕೆಳಗಿಟ್ಟು ಅವನನ್ನು ತನ್ನ ಜಾಗದಲ್ಲಿ ಕೂರಿಸಿ, 'ಇಲ್ಲಿಂದ ನೋಡು' ಎಂದಳು. ಹುಡುಗ ತುಂಬ ಹೊತ್ತು ನೋಡಿದ.